ವಯಸ್ಸಾದವ್ರು ಇರುವ ಬಾಡಿಗೆ ಮನೆಗೆ ಒಮ್ಮೆಲೇ ಬಾಡಿಗೆ ಏರಿಸಿದ್ರೆ ಕಾನೂನಲ್ಲಿ ತಡೆ ಎಂತಾದ್ರೂ ಉಂಟಾ?

ಮಣ್ಣಗುಡ್ಡೆಯ ಮಗಳು:
ನಮಸ್ಕಾರ ಎಲ್ರಿಗೂ. ಅಪ್ಪ ಅಮ್ಮನ ಬಿಡಾರದ ವಿಷಯ ಕೇಳ್ಲಿಕ್ಕುಂಟು, ಗೊತ್ತಿದ್ದವ್ರು ದಯವಿಟ್ಟು ಹೇಳಿ. ಮಂಗಳೂರಿನ ಮಣ್ಣಗುಡ್ಡೆಯಲ್ಲಿ ಹಂಚಿನ ಬಾಡಿಗೆ ಮನೆ, ಬಾವಿ ಉಂಟು, 1998ರಿಂದ ಅಲ್ಲೇ ಇದ್ದಾರೆ. ಅಪ್ಪನಿಗೆ 74, ಅಮ್ಮನಿಗೆ 69. ಹಳೆ ಧನಿಗಳು, ಅಂದ್ರೆ ಮನೆ ಮಾಲೀಕರು, ಇರುವಾಗ ವರ್ಷಕ್ಕೆ 300, 400 ಹಾಗೆ ಏರಿಸ್ತಿದ್ರು, ಅಪ್ಪ ಒಂದು ಮಾತು ಆಡದೆ ಕೊಡ್ತಿದ್ರು, ಈಗ 8500 ಆಗಿದೆ. ಧನಿಗಳು ತೀರಿಹೋದ ಮೇಲೆ ಮನೆ ಮಗನ ಕೈಗೆ ಬಂತು, ಅವ್ರು ಹೊರದೇಶದಲ್ಲಿ, ಇಲ್ಲಿ ನೋಡಿಕೊಳ್ಳುವವ್ರ ಕೈಯಲ್ಲಿ ವಾಟ್ಸಾಪ್ ಮೆಸೇಜ್ ಹಾಕ್ಸಿದ್ದಾರೆ, ಬರುವ ತಿಂಗಳಿಂದ 14,000, ಆಗದಿದ್ರೆ ಖಾಲಿ ಮಾಡಿ ಅಂತ. ಅಪ್ಪನಿಗೆ ಬರುದು ಪಿಎಫ್ ಪಿಂಚಣಿ, ಅದು ಅವ್ರ ಬಿಪಿ ಶುಗರ್ ಮಾತ್ರೆಗೇ ಸಾಕಾಗುದಿಲ್ಲ, ಉಳಿದದ್ದು ನಾನು ಮತ್ತೆ ತಮ್ಮ ಸೇರಿ ಹಾಕುದು.

ಯಾರೋ ಅಪ್ಪನಿಗೆ ಸೀನಿಯರ್ ಸಿಟಿಜನ್ ಇದ್ರೆ ಮನೆ ಬಿಡಿಸ್ಲಿಕ್ಕೂ ಆಗುದಿಲ್ಲ ಬಾಡಿಗೆ ಜಾಸ್ತಿ ಮಾಡ್ಲಿಕ್ಕೂ ಆಗುದಿಲ್ಲ ಅಂತ ಹೇಳಿದ್ದಾರೆ, ಅವ್ರು ಅದನ್ನೇ ನಂಬಿ ಕೂತಿದ್ದಾರೆ. ಅಮ್ಮ ಮಾತ್ರ ರಾತ್ರಿ ನಿದ್ದೆ ಮಾಡುದಿಲ್ಲ. ನನಗೆ ಸಮಾಧಾನದ ಮಾತು ಬೇಡ, ನಿಜ ಎಂತ ಅಂತ ಗೊತ್ತಾಗ್ಬೇಕು.

ಕುದ್ರೋಳಿ ಕಡೆಯವ:
2007ರ ಹಿರಿಯ ನಾಗರಿಕರ ಕಾಯ್ದೆ ಉಂಟಲ್ಲ ಅಕ್ಕ, ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಲ್ಲಿ ಟ್ರಿಬ್ಯುನಲ್ ಉಂಟು, ಅಲ್ಲಿಗೆ ಒಂದು ಅರ್ಜಿ ಕೊಡಿ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಅಲ್ಲಿಂದಲೇ ನ್ಯಾಯ ಸಿಕ್ಕಿದ್ದು.

ಕೊಡಿಯಾಲಬೈಲ್ ಕರಿಕೋಟು:
ಕುದ್ರೋಳಿಯವ್ರೇ, ಆ ಅಜ್ಜಿಯ ಕೇಸು ಮಕ್ಕಳ ಮೇಲೆ ಇದ್ದಿರ್ಬೇಕು. 2007ರ ಕಾಯ್ದೆ ಮಕ್ಕಳು, ಸಂಬಂಧಿಕರು ನೋಡಿಕೊಳ್ಳದಿದ್ರೆ ಜೀವನಾಂಶ ಕೊಡಿಸ್ಲಿಕ್ಕೆ, ನೋಡ್ಕೊಳ್ತೇವೆ ಅಂತ ಬರೆಸಿಕೊಂಡ ಆಸ್ತಿ ವಾಪಸ್ ಪಡೀಲಿಕ್ಕೆ. ಧನಿ ಮತ್ತು ಬಾಡಿಗೆದಾರರ ನಡುವಿನ ವ್ಯವಹಾರ ಅದ್ರಲ್ಲಿ ಬರುದಿಲ್ಲ, ಅಲ್ಲಿಗೆ ಹೋದ್ರೆ ಅಲೆದಾಟವೇ ಬಾಕಿ.

ಮಣ್ಣಗುಡ್ಡೆಯವ್ರೇ, ನೇರ ಹೇಳ್ತೇನೆ. ಬಾಡಿಗೆದಾರರಿಗೆ ಇಷ್ಟು ವಯಸ್ಸಾಯ್ತು, ಹಾಗಾಗಿ ಬಾಡಿಗೆ ಇಷ್ಟೇ ಏರಿಸ್ಬೇಕು ಅನ್ನುವ ಕಾನೂನು ಕರ್ನಾಟಕದಲ್ಲಿ ಇಲ್ಲ. ನಮ್ಮಲ್ಲಿರುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ, 1961ರ ಹಳೆ ಕಾಯ್ದೆ ಹೋಗಿ 2001ರ ಡಿಸೆಂಬರ್ 31ಕ್ಕೆ ಇದು ಜಾರಿಗೆ ಬಂತು. ಇದ್ರಲ್ಲಿ ವಯಸ್ಸಿನ ಮಾತು ಬರುದು ಮಾಲೀಕರ ಪರವಾಗಿ. 31ನೇ ಸೆಕ್ಷನ್ ನೋಡಿ, 65 ದಾಟಿದ ಮಾಲೀಕರು, ವಿಧವೆಯರು, ಅಂಗವಿಕಲರು ತಮಗೇ ಮನೆ ಬೇಕು ಅಂದ್ರೆ ಬೇಗ ಬಿಡಿಸಿಕೊಳ್ಲಿಕ್ಕೆ ಪ್ರತ್ಯೇಕ ದಾರಿ ಇಟ್ಟಿದ್ದಾರೆ. ಅದು ಇರ್ಲಿ, ತಪ್ಪಲ್ಲ. ಆದ್ರೆ 74ರ ಬಾಡಿಗೆದಾರರಿಗೆ ಅಂಥ ಒಂದು ಸಾಲೂ ಇಲ್ಲ, ನಾನು ಈ ಕೇಸುಗಳನ್ನು ನೋಡುವಾಗೆಲ್ಲ ನನ್ನ ಹೊಟ್ಟೆ ಉರಿಯುದು ಇದಕ್ಕೇ. ಫ್ರಾನ್ಸಿನಲ್ಲಿ 1989ರ ಕಾಯ್ದೆ ಉಂಟು, ಅಲ್ಲಿ 65 ದಾಟಿದ, ಆದಾಯ ಕಡಿಮೆ ಇರುವ ಬಾಡಿಗೆದಾರರನ್ನು ಬಿಡಿಸ್ಬೇಕಾದ್ರೆ ಮಾಲೀಕರು ಹತ್ತಿರದಲ್ಲೇ ಬೇರೆ ಮನೆ ತೋರಿಸ್ಬೇಕು, ಮಾಲೀಕರಿಗೂ 65 ದಾಟಿದ್ರೆ ಆ ಷರತ್ತು ಇಲ್ಲ. ಎರಡೂ ಕಡೆಯ ಪ್ರಾಯ ನೋಡಿ ಬರೆದದ್ದು ಅದು.

ಇನ್ನು ನಿಮ್ಮ ಮನೆ 1999ರ ಕಾಯ್ದೆಯೊಳಗೆ ಬರ್ತದಾ ಇಲ್ವಾ ಅಂತ ಮೊದಲು ನೋಡ್ಬೇಕು. ಜಾಗ ನೋಡಿ ತಿಂಗಳಿಗೆ 3500 ಅಥವಾ 2000 ರೂಪಾಯಿಗಿಂತ ಮೇಲಿನ ಬಾಡಿಗೆಯ ಮನೆಗಳು ಅದ್ರಿಂದ ಹೊರಗೆ. ಈಗಿನ ಮಂಗಳೂರಲ್ಲಿ 3500ಕ್ಕೆ ಯಾವ ಮನೆ ಸಿಗ್ತದೆ ಹೇಳಿ, ಹಾಗಾಗಿ ಬಹುಪಾಲು ಜನ ಹೊರಗೇ. ಆದ್ರೆ ಸೆಕ್ಷನಲ್ಲಿ ಬರೆದದ್ದು ಕಾಯ್ದೆ ಜಾರಿಗೆ ಬಂದ ದಿನದ ಬಾಡಿಗೆಯ ಲೆಕ್ಕ. ನೀವು 1998ರಿಂದ ಇದ್ದೀರಿ. 2001ರ ಕೊನೆಗೆ ಎಷ್ಟು ಕೊಡ್ತಿದ್ರಿ? ಆಗಿನ ರಶೀದಿ, ಕರಾರು, ಬ್ಯಾಂಕ್ ಪಾಸ್‌ಬುಕ್ ಎಂತ ಉಂಟೋ ಎಲ್ಲ ತೆಗ್ದಿಡಿ, ವಕೀಲರ ಹತ್ರ ಹೋಗುವಾಗ ಮೊದಲು ಕೇಳುದೇ ಅದು. ಕಾಯ್ದೆಯೊಳಗೆ ಬಂದ್ರೆ 27ನೇ ಸೆಕ್ಷನಲ್ಲಿ ಹೇಳಿದ ಕಾರಣ ಇಲ್ಲದೆ ಖಾಲಿ ಮಾಡಿಸ್ಲಿಕ್ಕೆ ಬರುದಿಲ್ಲ.

ಹೊರಗಿದ್ರೆ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದ್ರಲ್ಲಿ ಏರಿಕೆಗೆ ಮಿತಿ ಇಲ್ಲ. ಆದ್ರೆ ಒಬ್ಬರೇ ಕೂತು ಬಾಡಿಗೆ ನಿಗದಿ ಮಾಡ್ಲಿಕ್ಕೂ ಇಲ್ಲ, ಬಾಡಿಗೆ ಅಂದ್ರೆ ಇಬ್ಬರೂ ಒಪ್ಪಿದ ಮೊತ್ತ. ನೀವು ಒಪ್ಪದಿದ್ರೆ ಅವ್ರು ಮಾಡ್ಬಹುದಾದದ್ದು ಒಂದೇ, ಬಾಡಿಗೆ ಸಂಬಂಧ ಮುಗೀತು ಅಂತ ನೋಟಿಸ್ ಕೊಟ್ಟು ಆಮೇಲೆ ಕೋರ್ಟಿಗೆ ಹೋಗುದು.

ಮಣ್ಣಗುಡ್ಡೆಯ ಮಗಳು:
ತುಂಬಾ ಉಪಕಾರ ಸರ್. ಅಮ್ಮನ ಟ್ರಂಕಲ್ಲಿ ಹಳೆ ರಶೀದಿ ಪುಸ್ತಕ ಉಂಟು, ಧನಿಗಳು ಪ್ರತಿ ತಿಂಗಳು ಸ್ಟ್ಯಾಂಪ್ ಅಂಟಿಸಿ ಸೈನ್ ಹಾಕಿ ಕೊಡ್ತಿದ್ರು, ಆಗ 1600 ಏನೋ ಇತ್ತು. ಪುಸ್ತಕಕ್ಕೆ ಗೆದ್ದಲು ಹತ್ತಿದೆ ಆದ್ರೂ ಓದ್ಲಿಕ್ಕೆ ಆಗ್ತದೆ. ಆದ್ರೆ 2010ರ ನಂತ್ರ ರಶೀದಿಯೂ ಇಲ್ಲ ಕರಾರೂ ಇಲ್ಲ, ಬಾಯಿಮಾತಲ್ಲೇ ನಡ್ಕೊಂಡು ಬಂದದ್ದು, ಹಣ ಅಪ್ಪ ಕೈಯಲ್ಲೇ ಕೊಡ್ತಿದ್ರು. ಈ ವಾಟ್ಸಾಪ್ ಮೆಸೇಜೇ ನೋಟಿಸ್ ಅಂತ ಲೆಕ್ಕ ಆಗ್ತದಾ?

ಕೊಡಿಯಾಲಬೈಲ್ ಕರಿಕೋಟು:
ರಶೀದಿ ಪುಸ್ತಕ ಇವತ್ತೇ ಪುಟ ಪುಟ ಫೋಟೋ ತೆಗೀರಿ.

ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ತಿಂಗಳ ಲೆಕ್ಕದ ಬಾಡಿಗೆಗೆ 15 ದಿನದ ನೋಟಿಸ್ ಬೇಕು, ಅದು ಬರಹದಲ್ಲಿ ಇರ್ಬೇಕು, ಕೊಡುವವ್ರ ಸಹಿ ಇರ್ಬೇಕು, ಅಂಚೆಯಲ್ಲೋ ಕೈಯಲ್ಲೋ ತಲುಪಿಸ್ಬೇಕು. ನೋಡಿಕೊಳ್ಳುವವ್ರು ಹಾಕಿದ ಮೆಸೇಜಿಗೆ ಅಪ್ಪ ಅಮ್ಮ ಹೆದರಿ ಮನೆ ಹುಡುಕ್ಲಿಕ್ಕೆ ಹೊರಡುದು ಬೇಡ. ಸರಿಯಾದ ನೋಟಿಸ್ ಬಂದ ಮೇಲೂ ಕೋರ್ಟಿನ ಆದೇಶ ಇಲ್ಲದೆ ಯಾರೂ ಸಾಮಾನು ಹೊರಗೆ ಹಾಕುವ ಹಾಗಿಲ್ಲ, ಬೀಗ ಹಾಕುವ ಹಾಗಿಲ್ಲ. ಬಲವಂತದಿಂದ ಹೊರಗೆ ಹಾಕಿದ್ರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನಲ್ಲಿ ಆರು ತಿಂಗಳೊಳಗೆ ದಾವೆ ಹಾಕಿ ವಾಪಸ್ ಒಳಗೆ ಬರ್ಲಿಕ್ಕಾಗ್ತದೆ.

ಆದ್ರೆ ಇದನ್ನು ಓದಿ ಧೈರ್ಯ ಜಾಸ್ತಿ ಆಗಿ ಬಾಡಿಗೆ ಕೊಡುದು ನಿಲ್ಲಿಸ್ಬೇಡಿ. ಹೆಚ್ಚಿನವ್ರು ಎಡವುದು ಇಲ್ಲೇ. ಧನಿ ತಕೊಳ್ಳುದಿಲ್ಲ ಅಂದ್ರೂ 8500 ಅವ್ರ ಬ್ಯಾಂಕ್ ಖಾತೆಗೆ ತಿಂಗಳು ತಿಂಗಳು ಹಾಕಿ, ಯಾವ ತಿಂಗಳ ಬಾಡಿಗೆ ಅಂತ ಬರೀರಿ. ಇನ್ನೊಂದು, ನೋಟಿಸಿನ ಅವಧಿ ಮುಗಿದ ಮೇಲೂ ಕೂತು ಕೇಸು ಸೋತ್ರೆ ಆ ದಿನದಿಂದ ಪೇಟೆ ಬಾಡಿಗೆಯ ಲೆಕ್ಕದಲ್ಲಿ ನಷ್ಟ ಕಟ್ಟಿಕೊಡಿ ಅಂತ ಕೋರ್ಟು ಹೇಳ್ಬಹುದು. 74ರ ಪ್ರಾಯದಲ್ಲಿ ಅಂಥ ಮೊತ್ತ ತಲೆ ಮೇಲೆ ಬಿದ್ರೆ ಕಷ್ಟ. ಹಾಗಾಗಿ ಗಟ್ಟಿಯಾಗಿ ನಿಲ್ಲಿ, ಜೊತೆಗೆ ಮಾತುಕತೆಯ ಬಾಗಿಲನ್ನೂ ತೆಗೆದಿಡಿ.

ಅಂಬಲಪಾಡಿ ಅಮ್ಮ:
ನಾನು ಮನೆ ಬಾಡಿಗೆಗೆ ಕೊಟ್ಟವಳು, ಉಡುಪಿಯಲ್ಲಿ. ನನ್ನದೂ ಒಂದು ಮಾತು ಕೇಳಿ. ಯಜಮಾನ್ರು ಹೋಗಿ ವರ್ಷ ಸುಮಾರಾಯ್ತು, ನನಗೂ 70 ಆಗ್ತಾ ಬಂತು, ಕೆಳಗಿನ ಮನೆಯ ಬಾಡಿಗೆಯಲ್ಲೇ ನನ್ನ ಊಟ ಔಷಧಿ ಆಗ್ಬೇಕು. ಹಂಚಿನ ಮನೆ ಅಂದ್ರೆ ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಜನ ಹತ್ತಿಸಿ ಹಂಚು ಕೈಯಾಡಿಸ್ಬೇಕು, ಒಡೆದದ್ದು ತೆಗೆದು ಬೇರೆ ಹಾಕ್ಬೇಕು, ಮಾಡಿನ ಮರದ ಪಕ್ಕಾಸು ರೀಪು ಕುಂಬಾದ್ರೆ ಬದಲಿಸ್ಬೇಕು, ಈಗ ಹಂಚಿನ ಕೆಲಸ ಗೊತ್ತಿದ್ದವ್ರೇ ಸಿಗುದಿಲ್ಲ, ಸಿಕ್ಕಿದ್ರೆ ಅವ್ರು ಹೇಳಿದ್ದೇ ಕೂಲಿ. ಮನೆ ತೆರಿಗೆ ಏರ್ತದೆ, ಪಂಪು ಕೆಡ್ತದೆ. ಬಾಡಿಗೆ ಏರಿಸ್ಲೇಬಾರ್ದು ಅಂತ ಕಾನೂನು ಮಾಡಿದ್ರೆ ನನ್ನಂಥವಳು ಎಂತ ಮಾಡುದು?

ಆದ್ರೆ ಮಗಳೇ, 8500 ಇದ್ದದ್ದು ಒಂದೇ ಸಲಕ್ಕೆ 14,000 ಅನ್ನುದು ನನಗೂ ಸರಿ ಕಾಣುದಿಲ್ಲ. ನನ್ನ ಬಿಡಾರದವ್ರು ಇಬ್ಬರೂ ರಿಟೈರ್ಡ್, ನನ್ನ ಪ್ರಾಯದವ್ರೇ, ಅವ್ರ ಜೊತೆ ಮೂರು ವರ್ಷದ ಕರಾರು ಮಾಡಿ ವರ್ಷಕ್ಕೆ ನೂರಕ್ಕೆ ಐದು ಅಂತ ಬರೆದಿದ್ದೇನೆ. ಅವ್ರಿಗೂ ಬರುವ ವರ್ಷ ಎಷ್ಟು ಅಂತ ಗೊತ್ತು, ನನಗೂ ಗೊತ್ತು. ನನಗೆ ರಾತ್ರಿ ಹುಷಾರು ತಪ್ಪಿದ್ರೆ ಮೊದಲು ಬಾಗಿಲು ಬಡಿಯುದು ಅವ್ರದ್ದೇ, ದೂರದಲ್ಲಿರುವ ಮಕ್ಕಳು ಬಂದು ಮುಟ್ಟುವಾಗ ಬೆಳಗಾಗ್ತದೆ.

ಮಣಿಪಾಲದ ಪಕ್ಕದವ:
ಎಲ್ಲ ಧನಿಗಳು ನಿಮ್ಮ ಹಾಗೆ ಇಲ್ಲ ಅಮ್ಮ. ನಮ್ಮ ಕಡೆ ಕಥೆ ಬೇರೆಯೇ. ಒಂದು ಮನೆಗೆ ನಾಲ್ಕು ಸ್ಟೂಡೆಂಟ್ಸ್ ಹಾಕಿದ್ರೆ ತಲೆ ಲೆಕ್ಕದಲ್ಲಿ ದುಡ್ಡು ಬರ್ತದೆ, ವಯಸ್ಸಾದ ಗಂಡ ಹೆಂಡತಿಗೆ ಯಾರು ಕೊಡ್ತಾರೆ? ನಮ್ಮ ಮಾವ ಅತ್ತೆಗೆ ಮನೆ ಹುಡುಕುವಾಗ ಕೆಲವ್ರು ನೇರವಾಗಿಯೇ ಹೇಳಿದ್ರು, ಪ್ರಾಯ ಆದವ್ರಿಗೆ ಕೊಡುದಿಲ್ಲ, ನಾಳೆ ಎಂತಾದ್ರೂ ಆದ್ರೆ ನಮಗೆ ತಲೆನೋವು ಅಂತ. ಏರಿಕೆಗೆ ಮಿತಿ ಹಾಕಿದ್ರೆ ಇಂಥವ್ರು ಇನ್ನೂ ಕೊಡ್ಲಿಕ್ಕಿಲ್ಲ, ಅದನ್ನೂ ಯೋಚ್ನೆ ಮಾಡ್ಬೇಕಲ್ಲ. ದೇರಳಕಟ್ಟೆ ಕಡೆಯೂ ಮೆಡಿಕಲ್ ಕಾಲೇಜುಗಳಿಂದಾಗಿ ಇದೇ ಪರಿಸ್ಥಿತಿ.

ಘಾಟ್‌ಕೋಪರ್ ಊರಿನವ:
ಮುಂಬೈಯಿಂದ ಬರೀತಿದ್ದೇನೆ. ಮಿತಿ ಹಾಕಿದ್ರೆ ಎಂತ ಆಗ್ತದೆ ಅನ್ನುದಕ್ಕೆ ಇಲ್ಲಿಗಿಂತ ದೊಡ್ಡ ಪಾಠ ಬೇರೆ ಇಲ್ಲ. ಹಳೆ ಬಾಂಬೆ ರೆಂಟ್ ಆಕ್ಟಲ್ಲಿ ಬಾಡಿಗೆಯನ್ನು 1940ರ ಮಟ್ಟಕ್ಕೇ ಕಟ್ಟಿ ಹಾಕಿದ್ರು. ಮಾಲೀಕರು ರಿಪೇರಿ ಬಿಟ್ಟೇ ಬಿಟ್ರು, ಚಾಳುಗಳು ಮಳೆಗೆ ಕುಸೀತಾ ಬಂದ್ವು, ಪಗಡಿ ಅಂತ ಕೈಯಿಂದ ಕೈಗೆ ದುಡ್ಡು ಕೊಟ್ಟು ಬಾಡಿಗೆ ಹಕ್ಕು ಮಾರುವ ಪದ್ಧತಿ ಬೆಳೀತು. ಕಡೆಗೆ ಮಲ್ಪೆ ವಿಶ್ವನಾಥ ಆಚಾರ್ಯ ಅನ್ನುವವ್ರ ಕೇಸಲ್ಲಿ ಸುಪ್ರೀಂ ಕೋರ್ಟು 1997ರ ಡಿಸೆಂಬರಲ್ಲಿ ಹೀಗೆ ಕಾಲಕ್ಕೆ ತಕ್ಕ ಹಾಗೆ ಬದಲಿಸದೆ ಬಾಡಿಗೆ ಹಿಡಿದಿಡುದು ಸಮಂಜಸ ಅಲ್ಲ ಅಂತ ಹೇಳಿತು. ಆಮೇಲೆ ಬಂದ ಮಹಾರಾಷ್ಟ್ರದ 1999ರ ಕಾಯ್ದೆ 2000ದ ಮಾರ್ಚ್ 31ರಿಂದ ಜಾರಿ, ಅದ್ರಲ್ಲಿ ವರ್ಷಕ್ಕೆ ನೂರಕ್ಕೆ 4 ಏರಿಸ್ಬಹುದು.

ನನ್ನ ದೊಡ್ಡಮ್ಮ ಈಗಲೂ ಅಂಥ ಹಳೆ ಖೋಲಿಯಲ್ಲೇ ಇರುದು. ಬಾಡಿಗೆ ಎಷ್ಟು ಏರ್ತದೆ ಅನ್ನುವ ಹೆದರಿಕೆ ಅವ್ರಿಗಿಲ್ಲ, ಮಾಡು ಬೀಳ್ತದಾ ಅನ್ನುವ ಹೆದರಿಕೆ ಮಾತ್ರ ಉಂಟು. ಹೊಸ ಲೀವ್ ಅಂಡ್ ಲೈಸೆನ್ಸ್ ಕರಾರಿನವ್ರಿಗೆ ಆ 4ರ ಲೆಕ್ಕ ಇಲ್ಲ, ಕರಾರಲ್ಲಿ ಬರೆದದ್ದೇ ಬಾಡಿಗೆ. ಹಾಗಾಗಿ ಪೂರ್ತಿ ಕಟ್ಟಿ ಹಾಕುದಕ್ಕಿಂತ ವರ್ಷಕ್ಕೆ ಇಷ್ಟು ಅಂತ ಬಿಡುದು ಒಳ್ಳೇದು, ಇದು ನನ್ನ ಗಟ್ಟಿ ಅಭಿಪ್ರಾಯ.

ಬಾರ್ಕೂರು ಮಾಸ್ತರು:
ಈಗಿನವ್ರಿಗೆ ಗೊತ್ತಿರ್ಲಿಕ್ಕಿಲ್ಲ, ನಮ್ಮ ಜಿಲ್ಲೆಗೆ ಈ ವಿಷಯ ಹೊಸತಲ್ಲ. ಮೂಲಗೇಣಿ ಅಂದ್ರೆ ಗೇಣಿ ನಿಗದಿ, ಶಾಶ್ವತ, ಧನಿಗೆ ಏರಿಸ್ಲಿಕ್ಕೆ ಇಲ್ಲ. ಚಾಲಗೇಣಿ ಅಂದ್ರೆ ಧನಿ ಹೇಳಿದಾಗ ಏಳ್ಬೇಕು, ಹೇಳಿದಷ್ಟು ಕೊಡ್ಬೇಕು. 1974ರ ಭೂಸುಧಾರಣೆಯಲ್ಲಿ ಚಾಲಗೇಣಿ ಒಕ್ಕಲುಗಳಿಗೆ ಭೂಮಿ ಸಿಕ್ಕಿತು, ನಾನು ಕಣ್ಣಾರೆ ಕಂಡದ್ದು. ಪೇಟೆಯ ಮೂಲಗೇಣಿಗೆ 2011ರಲ್ಲಿ ಬೇರೆಯೇ ಕಾಯ್ದೆ ಬಂತು, ಅದು ಕೋರ್ಟನ್ನೂ ಹತ್ತಿತು. ಆದ್ರೆ ಮನೆ ಬಾಡಿಗೆಯವ್ರು ಇವತ್ತಿಗೂ ಚಾಲಗೇಣಿಯ ಸ್ಥಿತಿಯಲ್ಲೇ ಇದ್ದಾರೆ. ಹನ್ನೊಂದು ತಿಂಗಳ ಕರಾರು ಮುಗಿದ ಮೇಲೆ ಕೈಯಲ್ಲಿ ಎಂತ ಉಂಟು?

ಬೋಳಾರದ ಬಾಡಿಗೆಯವಳು:
ಮಾಸ್ತ್ರು ಹೇಳಿದ್ದು ಸತ್ಯ. ನನ್ನ ಅಮ್ಮ ಜೀವನ ಇಡೀ ಬೀಡಿ ಕಟ್ಟಿದವ್ರು. ಸಂಜೆ ಆಗುವಾಗ ಕುತ್ತಿಗೆ ಎತ್ಲಿಕ್ಕೆ ಆಗ್ತಿರ್ಲಿಲ್ಲ, ಎಲೆ ಕತ್ತರಿಸಿ ಕತ್ತರಿಸಿ ಬೆರಳು ಈಗ ಪೂರ್ತಿ ಮಡಚುದಿಲ್ಲ. ಪಿಎಫ್ ಪಿಂಚಣಿಯ ಕನಿಷ್ಠ ಮೊತ್ತ 2014ರಿಂದ 1000 ರೂಪಾಯಿ, ಅಮ್ಮನಿಗೆ ಬರುದು ಅಷ್ಟೇ. ಆಚೆಮನೆಯ ಅಜ್ಜಿಗೆ ಸರ್ಕಾರದ ಸಂಧ್ಯಾ ಸುರಕ್ಷಾ ಪಿಂಚಣಿ, ಅದು 1200. ಒಂದು ಕೋಣೆ ಅಡುಗೆ ಮನೆಗೆ 4500 ಬಾಡಿಗೆ. ಇವ್ರಿಗೆ ನೂರಕ್ಕೆ ಐದು ಏರಿಸುದು ನ್ಯಾಯ ಅಂತ ನೀವೆಲ್ಲ ಹೇಳ್ತಿದ್ದೀರಿ, ಆದ್ರೆ ಅವ್ರ ಪಿಂಚಣಿ ನೂರಕ್ಕೆ ಒಂದೂ ಏರಿಲ್ಲ ಅಲ್ವಾ. ಮಕ್ಕಳು ಕೈಬಿಟ್ರೆ ಎಂತ ಮಾಡ್ಬೇಕು?

ಕ್ವೀನ್ಸ್‌ನಲ್ಲಿರುವ ಕಾರ್ಕಳದವ:
ಬೋಳಾರದ ಅಕ್ಕ, ನಿಮ್ಮ ಪ್ರಶ್ನೆಗೆ ನಾನಿರುವ ನ್ಯೂಯಾರ್ಕಿನಲ್ಲಿ ಒಂದು ಉತ್ತರ ಉಂಟು, ಅದಕ್ಕೇ ಬರೀತಿದ್ದೇನೆ. ಇಲ್ಲಿ ಸ್ಕ್ರೀ ಅಂತ ಕರೀತಾರೆ, ಹಿರಿಯರಿಗೆ ಬಾಡಿಗೆ ಏರಿಕೆಯಿಂದ ವಿನಾಯಿತಿ, 1970ರಿಂದ ಉಂಟು. 62 ದಾಟಿರ್ಬೇಕು, ಮನೆಯ ಒಟ್ಟು ಆದಾಯ ವರ್ಷಕ್ಕೆ 50,000 ಡಾಲರಿನೊಳಗೆ ಇರ್ಬೇಕು, ಆದಾಯದಲ್ಲಿ ಮೂರರಲ್ಲೊಂದು ಭಾಗಕ್ಕಿಂತ ಜಾಸ್ತಿ ಬಾಡಿಗೆಗೇ ಹೋಗ್ತಿರ್ಬೇಕು, ಮನೆಯೂ ಬಾಡಿಗೆ ನಿಯಂತ್ರಣದ ಪಟ್ಟಿಯಲ್ಲಿ ಇರ್ಬೇಕು. ಇಷ್ಟಿದ್ರೆ ಅವ್ರು ಕೊಡುವ ಬಾಡಿಗೆ ಅಲ್ಲಿಗೇ ನಿಲ್ತದೆ. ಮುಖ್ಯ ವಿಷಯ ಎಂತದಂದ್ರೆ ಮಾಲೀಕರಿಗೆ ನಷ್ಟ ಇಲ್ಲ. ಏರಬೇಕಿದ್ದ ಮೊತ್ತವನ್ನು ನಗರಾಡಳಿತ ಅವ್ರ ಆಸ್ತಿ ತೆರಿಗೆಯಲ್ಲಿ ಕಳೆದು ಕೊಡ್ತದೆ. ನಮ್ಮ ಬಿಲ್ಡಿಂಗಿನಲ್ಲಿರುವ ಒಬ್ಬರು ಅಜ್ಜಿ ಅದ್ರಿಂದಲೇ ಅದೇ ಮನೆಯಲ್ಲಿ ಉಳಿದದ್ದು, ವಿನಾಯಿತಿ ನವೀಕರಣದ ಫಾರ್ಮ್ ಬಂದಾಗ ನಾನೇ ತುಂಬಿಸಿ ಕೊಡುದು.

ಮಂಗಳೂರು ಪಾಲಿಕೆ, ಉಡುಪಿ ನಗರಸಭೆ ಮನೆ ತೆರಿಗೆ ತಕೊಳ್ತವೆ ಅಲ್ವಾ. ಪ್ರಾಯ ಆದ, ಬಡ ಬಾಡಿಗೆದಾರರನ್ನು ಹಳೆ ಬಾಡಿಗೆಯಲ್ಲೇ ಇಟ್ಕೊಂಡ ಧನಿಗಳಿಗೆ ತೆರಿಗೆಯಲ್ಲಿ ರಿಯಾಯಿತಿ, ಬಾಕಿಯದ್ದು ಸರ್ಕಾರ ತುಂಬಿ ಕೊಡುದು, ಹೀಗೆ ಮಾಡ್ಲಿಕ್ಕೆ ಎಂತ ಅಡ್ಡಿ? ಅಂಬಲಪಾಡಿ ಅಮ್ಮನಿಗೂ ಕಷ್ಟ ಇಲ್ಲ, ಬೋಳಾರದ ಅಮ್ಮನಿಗೂ ಕಷ್ಟ ಇಲ್ಲ.

ಅಂಬಲಪಾಡಿ ಅಮ್ಮ:
ಹಾಗೆ ಮಾಡಿದ್ರೆ ನಾನು ಮೊದಲು ಸಹಿ ಹಾಕ್ತೇನೆ.

ಕುದ್ರೋಳಿ ಕಡೆಯವ:
ಕೇಂದ್ರದ ಹೊಸ ಬಾಡಿಗೆ ಕಾಯ್ದೆ ಬಂದಿದೆಯಲ್ಲ, ಅದ್ರಲ್ಲಿ ಎಂತ ಇಲ್ವಾ?

ಕೊಡಿಯಾಲಬೈಲ್ ಕರಿಕೋಟು:
ಅದು ಮಾದರಿ ಬಾಡಿಗೆ ಕಾಯ್ದೆ, 2021ರ ಜೂನ್ 2ಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು. ಮಾದರಿ ಅಂದ್ರೆ ರಾಜ್ಯಗಳು ತಕೊಂಡು ತಮ್ಮಲ್ಲಿ ಕಾಯ್ದೆ ಮಾಡಿದ್ರೆ ಮಾತ್ರ ಜೀವ, ನಮ್ಮಲ್ಲಿ ನಡೀತಿರುದು 1999ರದ್ದೇ. ಅದ್ರಲ್ಲಿ ಕೆಲವು ಒಳ್ಳೆ ವಿಷಯ ಉಂಟು. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳ್ಬಾರ್ದು, ಬಾಡಿಗೆ ಏರಿಸುದು ಕರಾರಿನ ಪ್ರಕಾರ, ಕರಾರಲ್ಲಿ ಇಲ್ಲದಿದ್ರೆ ಮೂರು ತಿಂಗಳು ಮುಂಚೆ ಬರಹದಲ್ಲಿ ತಿಳಿಸ್ಬೇಕು, ನೀರು ಕರೆಂಟು ಕಡಿದು ಪೀಡಿಸ್ಬಾರ್ದು. ಆದ್ರೆ ಎಷ್ಟು ಏರಿಸ್ಬಹುದು ಅನ್ನುವ ಮಿತಿ ಅದ್ರಲ್ಲೂ ಇಲ್ಲ, ಪ್ರಾಯದವ್ರಿಗೆ ಅಂತ ಪ್ರತ್ಯೇಕ ರಕ್ಷಣೆಯೂ ಇಲ್ಲ. ಅವಧಿ ಮುಗಿದ ಮೇಲೆ ಖಾಲಿ ಮಾಡದಿದ್ರೆ ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ. 74ರವ್ರಿಗೆ ಎರಡು ತಿಂಗಳಲ್ಲಿ ಮನೆ ಹುಡುಕುದು ಎಷ್ಟು ಕಷ್ಟ ಅಂತ ಮಣಿಪಾಲದವ್ರು ಮೇಲೆ ಹೇಳಿದ್ದಾರಲ್ಲ.

ಕಾರ್ಕಳದವ್ರು ಹೇಳಿದ ದಾರಿಯೇ ಸರಿ ಅಂತ ನನಗೂ ಕಾಣುದು. ಬಡ ಹಿರಿಯರ ಭಾರವನ್ನು ಒಬ್ಬ ಮಾಲೀಕರ ಹೆಗಲಿಗೆ ಹಾಕುದು ಸರಿಯಲ್ಲ, ಎಲ್ರ ತೆರಿಗೆಯಿಂದ ಆಗ್ಬೇಕು. ಆದ್ರೆ ಮಣ್ಣಗುಡ್ಡೆಯವ್ರಿಗೆ ಬರುವ ತಿಂಗಳಿಗೆ ಬೇಕಾದದ್ದು ಬೇರೆ, ಅದನ್ನು ಹೇಳ್ತೇನೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಕೋರ್ಟಿನ ಕಟ್ಟಡದಲ್ಲೇ ಉಂಟು. ಅರ್ಜಿಯನ್ನು ಅಮ್ಮನ ಹೆಸರಲ್ಲಿ ಕೊಡಿ, ಯಾಕಂದ್ರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಉಚಿತ ಕಾನೂನು ನೆರವು ಉಂಟು. 15100ಕ್ಕೆ ಫೋನ್ ಮಾಡಿದ್ರೂ ಆಗ್ತದೆ. ಕೇಸು ಹಾಕುವ ಮೊದಲೇ ಎರಡೂ ಕಡೆಯವ್ರನ್ನು ಕರೆಸಿ ಕೂರಿಸಿ ಮಾತಾಡಿಸ್ತಾರೆ, ಲೋಕ ಅದಾಲತಲ್ಲಿ ರಾಜಿ ಆದ್ರೆ ಅದು ಕೋರ್ಟಿನ ಡಿಕ್ರಿಯಷ್ಟೇ ಗಟ್ಟಿ.

ಮಾತುಕತೆಯಲ್ಲಿ ಬರೀ ಕಡಿಮೆ ಮಾಡಿ ಅಂತ ಮಾತ್ರ ಕೇಳ್ಬೇಡಿ. ಇವತ್ತಿಗೆ ಎಷ್ಟು, ಮುಂದಿನ ಮೂರು ಅಥವಾ ಐದು ವರ್ಷಕ್ಕೆ ವರ್ಷಕ್ಕೆ ಎಷ್ಟು, ನಡುವಲ್ಲಿ ಬಿಡಿಸುದಿಲ್ಲ ಅಂತ, ಹಂಚು ರಿಪೇರಿ ಯಾರದ್ದು, ಎಲ್ಲ ಬರೆಸಿ. ಒಂದು ವರ್ಷಕ್ಕಿಂತ ಮೇಲಿನ ಕರಾರು ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆಗ್ಲೇಬೇಕು, ಇಲ್ಲದಿದ್ರೆ ಅದಕ್ಕೆ ಬೆಲೆ ಇಲ್ಲ, ವಾಪಸ್ ತಿಂಗಳ ಲೆಕ್ಕದ ಬಾಡಿಗೆಗೇ ಬಂದು ನಿಲ್ತದೆ. ಸ್ಟ್ಯಾಂಪ್ ಖರ್ಚು ಬರ್ತದೆ ಅಂತಲೇ ಎಲ್ರೂ ಹನ್ನೊಂದು ತಿಂಗಳಲ್ಲಿ ನಿಲ್ಲಿಸುದು. ಆದ್ರೆ ಪ್ರಾಯದವ್ರಿಗೆ ಏರಿಕೆಗೊಂದು ಮಿತಿ ಅಂತ ಇದ್ರೆ ಇವತ್ತಿಗೆ ಅದು ಆ ನೋಂದಣಿ ಆದ ಕಾಗದದಲ್ಲಿ ಮಾತ್ರ. ಆ ಖರ್ಚಿಗೆ ಹಿಂದೆ ಮುಂದೆ ನೋಡ್ಬೇಡಿ.

ಬೋಳಾರದ ಬಾಡಿಗೆಯವಳು:
ಸರ್ ಒಂದು ಕೇಳ್ಲಿಕ್ಕುಂಟು. ಕರಾರು ಅಪ್ಪನ ಹೆಸರಲ್ಲಿ ಇದ್ದು ಅವ್ರು ಹೋದ್ರೆ ಅಮ್ಮನ ಗತಿ ಎಂತ?

ಕೊಡಿಯಾಲಬೈಲ್ ಕರಿಕೋಟು:
ಒಳ್ಳೆ ಪ್ರಶ್ನೆ. 1999ರ ಕಾಯ್ದೆಯೊಳಗೆ ಬರುವ ಮನೆ ಆದ್ರೆ ಬಾಡಿಗೆದಾರರು ತೀರಿಕೊಂಡ ಮೇಲೆ ಅವ್ರ ಜೊತೆಗೇ ವಾಸ ಇದ್ದ ಗಂಡ ಅಥವಾ ಹೆಂಡತಿ, ಮಕ್ಕಳಿಗೆ ಐದು ವರ್ಷ ಆ ಹಕ್ಕು ಮುಂದುವರೀತದೆ, 5ನೇ ಸೆಕ್ಷನ್. ಹೊಸದಾಗಿ ಕರಾರು ಮಾಡುವಾಗ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಬಾಡಿಗೆದಾರರು ಅಂತಲೇ ಹಾಕ್ಸಿ. ಇದನ್ನು ಯಾರೂ ಮಾಡುದಿಲ್ಲ, ಆಮೇಲೆ ಒಬ್ಬರು ಹೋದಾಗ ದುಃಖದ ನಡುವಲ್ಲೇ ಮನೆಯ ಚಿಂತೆ ಶುರುವಾಗ್ತದೆ.

ಮಣ್ಣಗುಡ್ಡೆಯ ಮಗಳು:
ಎಲ್ರಿಗೂ ಕೈಮುಗೀತೇನೆ. ಅಪ್ಪನಿಗೆ ಇಡೀ ಓದಿ ಹೇಳಿದೆ. ಪ್ರಾಯಕ್ಕೆ ಅಂತ ಕಾನೂನು ಎಂತದೂ ಇಲ್ಲ ಅಂದಾಗ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಅವ್ರೇ ಎದ್ದು ರಶೀದಿ ಪುಸ್ತಕದ ಗೆದ್ದಲು ಕೊಡವಿ ವರ್ಷದ ಪ್ರಕಾರ ಜೋಡಿಸಿದ್ರು. 2001 ಡಿಸೆಂಬರಿನ ರಶೀದಿ ಸಿಕ್ಕಿತು, 1650 ರೂಪಾಯಿ, ನೀವು ಹೇಳಿದ 2000ಕ್ಕಿಂತ ಕಡಿಮೆಯೇ. ಧನಿಗಳ ಮಗನಿಗೆ ಫೋನ್ ಮಾಡಿದೆ, 9500ರಿಂದ ಶುರು ಮಾಡಿ ಮೂರು ವರ್ಷ ನೂರಕ್ಕೆ ಐದರ ಹಾಗೆ ನೋಂದಣಿ ಕರಾರು ಮಾಡುವ, ಸ್ಟ್ಯಾಂಪ್ ಖರ್ಚು ನಾವೇ ಹಾಕ್ತೇವೆ ಅಂತ ಹೇಳಿದೆ. ಅವ್ರು ಹೌದು ಅಂತ ಹೇಳ್ಲಿಲ್ಲ, ಆದ್ರೆ ಸಿಟ್ಟು ಮಾಡ್ಲೂ ಇಲ್ಲ, ತಂಗಿ ಹತ್ರ ಮಾತಾಡಿ ತಿಳಿಸ್ತೇನೆ ಅಂದಿದ್ದಾರೆ. ಈ ತಿಂಗಳ 8500 ಅವ್ರ ಖಾತೆಗೆ ಹಾಕಿ ಸ್ಕ್ರೀನ್‌ಶಾಟ್ ಇಟ್ಕೊಂಡಿದ್ದೇನೆ. ಸೋಮವಾರ ಅಮ್ಮನನ್ನು ಕರ್ಕೊಂಡು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗ್ತೇನೆ, ಆಧಾರ್ ಮತ್ತೆ ಆ ರಶೀದಿಯ ಜೆರಾಕ್ಸ್ ಸಾಕಾ, ಬೇರೆ ಎಂತಾದ್ರೂ ಬೇಕಾ?

ಕೊಡಿಯಾಲಬೈಲ್ ಕರಿಕೋಟು:
ವಾಟ್ಸಾಪ್ ಮೆಸೇಜಿನ ಪ್ರಿಂಟ್, ಮೆಸ್ಕಾಂ ಕರೆಂಟ್ ಬಿಲ್ಲು, ಅಪ್ಪನ ಪಿಂಚಣಿ ಪಾಸ್‌ಬುಕ್ ಸಹ ತಕೊಂಡು ಹೋಗಿ. ಮೂಲ ರಶೀದಿ ಪುಸ್ತಕ ತೋರಿಸಿ ವಾಪಸ್ ತನ್ನಿ, ಯಾರ ಕೈಯಲ್ಲೂ ಬಿಟ್ಟು ಬರ್ಬೇಡಿ.